ಬೆಟ್ಟದ ಮೇಲೆ ಸ್ಕೂಬಾ ಯಾಕೆ ಅಂದವರಿಗೆ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ನಮ್ಮ ಜಿಲ್ಲೆಯವರೇ ಒಬ್ಬರು ಬರೆದ ಪತ್ರ ಓದಿದೆ. ಮಡಿಕೇರಿ ಹತ್ತಿರದ ರೆಸಾರ್ಟ್ ಒಂದರ ಈಜುಕೊಳದಲ್ಲಿ ನೀರೊಳಗೆ ಉಸಿರಾಡುತ್ತಾ ಮುಳುಗುವ ಸ್ಕೂಬಾ ಡೈವಿಂಗ್ ಹೇಳಿಕೊಡುತ್ತಿದ್ದಾರಂತೆ, ಸಮುದ್ರವೇ ಇಲ್ಲದ ಊರಲ್ಲಿ ಇದೆಂಥಾ ಶೋಕಿ, ದುಡ್ಡು ಜಾಸ್ತಿಯಾದವರ ಆಟ ಅಂತ ಬರೆದಿದ್ದರು. ಓದಿ ನಾನೂ ನಕ್ಕೆ. ಆಮೇಲೆ ಸ್ವಲ್ಪ ಉರಿಯಿತು. ಯಾಕೆಂದರೆ ಆ ಕೊಳದಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ಕಾಲಿಗೆ ರಬ್ಬರಿನ ರೆಕ್ಕೆ ಹಾಕಿಕೊಂಡು ಕೂತಿದ್ದ ಆರು ಜನರಲ್ಲಿ ನಾನೂ ಒಬ್ಬಳು.

ನನಗೆ 48 ವರ್ಷ. ಸೋಮವಾರಪೇಟೆ ಕಡೆ ಸ್ವಲ್ಪ ಕಾಫಿ, ಸ್ವಲ್ಪ ಮೆಣಸು. ಶೋಕಿ ಅಂದರೆ ಶೋಕಿಯೇ, ಒಪ್ಪುತ್ತೇನೆ, ಆ ವರ್ಷದ ಮೆಣಸಿನ ದುಡ್ಡಲ್ಲಿ ಒಳ್ಳೇ ಪಾಲು ಅದಕ್ಕೇ ಹೋಯಿತು, ನಮ್ಮ ಯಜಮಾನರು ಇವತ್ತಿಗೂ ಅದನ್ನು ಮರೆತಿಲ್ಲ. ಆದರೆ ನಾನು ಕೊಳಕ್ಕೆ ಇಳಿದದ್ದು ಶೋಕಿಗಲ್ಲ. ಹೆದರಿಕೆಗೆ.

ನಮ್ಮ ತೋಟದಲ್ಲಿ ಒಂದು ಕೆರೆ ಇದೆ. ಹೂ ಮಳೆ ಕೈಕೊಟ್ಟ ವರ್ಷ ಅದರ ನೀರೇ ಕಾಫಿಗೆ ಗತಿ. ಅಣ್ಣಂದಿರು ಬಾಳೆದಿಂಡು ಅಪ್ಪಿಕೊಂಡು ಅದರಲ್ಲೇ ಈಜು ಕಲಿತರು. ನಾನು ಕೆರೆ ಏರಿ ಹತ್ತಿದರೆ ಸಾಕು, ಅವ್ವ ಕೋಲು ಹಿಡಿದುಕೊಂಡು ಬರುತ್ತಿದ್ದರು. ಹುಡುಗಿಯರಿಗೆ ಯಾಕೆ ಈಜು ಅಂತ. ಕಾವೇರಿ ಹುಟ್ಟುವ ಜಿಲ್ಲೆ ನಮ್ಮದು, ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ಮುಳುಗಿ ಏಳುತ್ತೇವೆ, ಬಾಟಲಿಯಲ್ಲಿ ತೀರ್ಥ ತುಂಬಿಕೊಂಡು ಬರುತ್ತೇವೆ. ಆದರೆ ನೀರು ಎದೆಮಟ್ಟ ಬಂದರೆ ನನ್ನ ವಯಸ್ಸಿನ ಹೆಂಗಸರಲ್ಲಿ ಎಷ್ಟು ಜನಕ್ಕೆ ಈಜು ಬರುತ್ತೆ ಅಂತ ನಿಮ್ಮ ಮನೆಯಲ್ಲೇ ಕೇಳಿ ನೋಡಿ. ಮಗಳ ಓದಿಗೆ ಮೈಸೂರಲ್ಲಿ ಮನೆ ಮಾಡಿದ್ದಾಗ, 41ನೇ ವಯಸ್ಸಿಗೆ, ನಾನು ಈಜು ಕಲಿತೆ. ಅದೂ ತಲೆ ಮೇಲೆತ್ತಿಕೊಂಡು ಈಜುವ ಈಜು. ಮುಖ ನೀರೊಳಗೆ ಹೋದರೆ ಇವತ್ತು ಮುಗಿಯಿತು ಅನ್ನಿಸುತ್ತಿತ್ತು.

ಹೀಗಿರುವಾಗ ಎರಡು ವರ್ಷದ ಹಿಂದೆ ಕರಾವಳಿಗೆ ಪ್ರವಾಸ ಹೋದೆವು. ಯಾವ ಊರು, ಯಾವ ಕಂಪನಿ ಅಂತ ಬರೆಯಲ್ಲ, ಅದು ಈಗ ಬೇಕಾಗಿಲ್ಲ. ಅಲ್ಲಿ ಸ್ಕೂಬಾ ಮಾಡಿಸುವವರು, ಈಜು ಬರದಿದ್ದರೂ ಪರವಾಗಿಲ್ಲ ಮೇಡಂ, ನಾವು ಕೈ ಹಿಡಿದುಕೊಂಡಿರುತ್ತೇವೆ ಅಂದರು. ದೋಣಿ ಆ ಕಡೆ ಈ ಕಡೆ ವಾಲಾಡುತ್ತಿತ್ತು. ಅದರಲ್ಲೇ ನಿಂತು ಹತ್ತು ನಿಮಿಷ ಪಾಠ. ಮುಂದೆ ಕೂತಿದ್ದವರ ಬೆನ್ನ ಮೇಲೆ ಕಾಗದ ಇಟ್ಟು ಫಾರಂಗೆ ಸಹಿ ಹಾಕಿದೆ, ಅದರಲ್ಲಿ ಏನಿತ್ತು ಅಂತ ಓದಲಿಲ್ಲ, ಓದಲು ಯಾರೂ ಬಿಡಲೂ ಇಲ್ಲ. ಆಸ್ತಮಾ ಇದೆಯಾ, ಹೃದಯದ ತೊಂದರೆ ಇದೆಯಾ, ಕಿವಿ ಆಪರೇಷನ್ ಆಗಿದೆಯಾ, ಗರ್ಭಿಣಿಯಾ ಅಂತ ಒಂದೊಂದಾಗಿ ಕೇಳುವ ಫಾರಂ ಅದು ಅಂತ ನನಗೆ ಗೊತ್ತಾಗಿದ್ದು ಆಮೇಲೆ, ಕೊಳದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಿಧಾನಕ್ಕೆ ತುಂಬಿದಾಗ.

ನೀರಿಗೆ ಇಳಿದು ಎರಡೇ ನಿಮಿಷ. ಮಾಸ್ಕ್ ಅಂಚಿಗೆ ಕೂದಲು ಸಿಕ್ಕಿಕೊಂಡಿತ್ತು ಅಂತ ಕಾಣುತ್ತೆ, ನೀರು ಸಣ್ಣಗೆ ಒಳಗೆ ಬಂತು. ಮೂಗಿನ ಹತ್ತಿರ ನೀರು ಬಂದ ಕೂಡಲೇ ಮನುಷ್ಯ ಮಾಡುವ ಕೆಲಸವನ್ನೇ ನಾನೂ ಮಾಡಿದೆ, ಮೂಗಿನಿಂದ ಉಸಿರು ಎಳೆದೆ. ಉಪ್ಪುನೀರು ಗಂಟಲಿಗೆ ಬಂತು. ಮಾಸ್ಕ್ ಕಿತ್ತೆ, ಬಾಯಲ್ಲಿದ್ದದ್ದನ್ನು ಉಗಿದೆ, ಕೈಗೆ ಸಿಕ್ಕಿದ್ದನ್ನು ಹಿಡಿದು ಮೇಲಕ್ಕೆ ಹತ್ತಲು ನೋಡಿದೆ. ಮೂರು ಮೀಟರ್ ಆಳ ಇತ್ತೋ ನಾಲ್ಕು ಇತ್ತೋ. ಕೈ ಹಿಡಿದುಕೊಂಡಿದ್ದ ಅವರ ಹುಡುಗ ನನ್ನನ್ನು ಮೇಲೆ ತಂದ, ಪಾಪ, ಅವನ ತಪ್ಪಿಲ್ಲ. ಏನೂ ಆಗಲಿಲ್ಲ. ಸಂಜೆ ಹಾಡು ಸೇರಿಸಿ ವಿಡಿಯೋ ಕಳಿಸಿದರು. ಅದರಲ್ಲಿ ನಾನು ಕ್ಯಾಮೆರಾಗೆ ಕೈ ಬೀಸುತ್ತಿರುವ ಹಾಗೆ ಕಾಣುತ್ತೆ. ಅದು ಬೀಸಿದ್ದಲ್ಲ. ನೋಡಿದವರೆಲ್ಲ ಸೂಪರ್ ಅಂದರು, ನಾನೂ ಹೌದು ಹೌದು ಅಂದೆ. ಆರು ತಿಂಗಳು ರಾತ್ರಿ ಮುಖಕ್ಕೆ ಹೊದಿಕೆ ಬಂದರೆ ಎಚ್ಚರ ಆಗುತ್ತಿತ್ತು.

ಏನೂ ಆಗಲಿಲ್ಲ ಅಂದೆನಲ್ಲ, ಏನು ಆಗಬಹುದಿತ್ತು ಅಂತ ಹೇಳಿಕೊಟ್ಟದ್ದು ಈ ಕೊಳದ ಮೇಷ್ಟ್ರು. ಹೈಸ್ಕೂಲಲ್ಲಿ ಬಾಯ್ಲ್‌ನ ನಿಯಮ ಅಂತ ಬಾಯಿಪಾಠ ಮಾಡಿದ್ದು ನೆನಪಿದೆಯಾ, 1662ರದ್ದು? ಒತ್ತಡ ಹೆಚ್ಚಾದರೆ ಗಾಳಿ ಕುಗ್ಗುತ್ತೆ, ಕಡಿಮೆ ಆದರೆ ಹಿಗ್ಗುತ್ತೆ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ದುಪ್ಪಟ್ಟು. ಅಲ್ಲಿ ಒಂದು ಬಲೂನಿಗೆ ಒಂದು ಲೀಟರ್ ಗಾಳಿ ತುಂಬಿ ಬಾಯಿ ಕಟ್ಟಿ ಮೇಲೆ ಬಿಟ್ಟರೆ ಬರುವಷ್ಟರಲ್ಲಿ ಎರಡು ಲೀಟರ್ ಆಗಿರುತ್ತೆ. ನಮ್ಮ ಶ್ವಾಸಕೋಶವೂ ಬಲೂನೇ. ಹೆದರಿ ಉಸಿರು ಕಟ್ಟಿಕೊಂಡು ಮೇಲೆ ಬಂದರೆ ಅದು ಹರಿಯಬಹುದು, ಗಾಳಿಗುಳ್ಳೆ ರಕ್ತಕ್ಕೆ ಸೇರಿ ಮೆದುಳಿಗೂ ಹೋಗಬಹುದು. ತಮಾಷೆ ಏನೆಂದರೆ ಅದಕ್ಕೆ ದೊಡ್ಡ ಆಳ ಬೇಕಾಗಿಲ್ಲ, ತುಂಬಿದ ಎದೆಯಲ್ಲಿ ಉಸಿರು ಹಿಡಿದು ಬಂದರೆ ನಾಲ್ಕು ಅಡಿ ನೀರೂ ಸಾಕು. ಹಾಗಾಗಿಯೇ ಸ್ಕೂಬಾದ ಮೊದಲ ನಿಯಮ, ಉಸಿರು ಹಿಡಿಯಬೇಡ. ಯಾವ ಕಾರಣಕ್ಕೂ. ಈ ಒಂದು ಮಾತನ್ನು ಆ ದೋಣಿಯಲ್ಲಿ ಹೇಳಿದ್ದರಾ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಹೇಳಿಯೇ ಇರುತ್ತಾರೆ. ಆದರೆ ಹೇಳುವುದು ಬೇರೆ, ಮೈಗೆ ಹತ್ತಿಸುವುದು ಬೇರೆ.

ಈಗ ಕೊಳದ ವಿಷಯಕ್ಕೆ ಬರುತ್ತೇನೆ.

ಫೆಬ್ರವರಿ ಕೊನೆ. ಕಾಫಿ ಕುಯ್ಲು ಮುಗಿದು ಎಲ್ಲರೂ ಮೋಡ ನೋಡುತ್ತಾ ಕೂರುವ ಸಮಯ. ಕರಾವಳಿಯಿಂದ ಮೇಷ್ಟ್ರು ಪಿಕಪ್ ಗಾಡಿಯಲ್ಲಿ ಸಿಲಿಂಡರ್ ಹೇರಿಕೊಂಡು ಘಾಟಿ ಹತ್ತಿ ಬಂದಿದ್ದರು. ಕೊಳ ಒಂದು ತುದಿಯಲ್ಲಿ ನಾಲ್ಕು ಅಡಿ, ಇನ್ನೊಂದು ತುದಿಯಲ್ಲಿ ಹತ್ತು ಅಡಿ. ಆರು ಜನರಲ್ಲಿ ಒಬ್ಬರು ನಿವೃತ್ತ ಸೈನಿಕರು, ಹಿಮದಲ್ಲಿ ಕಾವಲು ಕಾದವರು, ಆದರೆ ನಮ್ಮ ಕೊಳದ ಬೆಳಗಿನ ನೀರಿಗೆ ಕಾಲಿಟ್ಟ ಕೂಡಲೇ ಅವರ ಬಾಯಿಂದ ಬಂದ ಮಾತನ್ನು ಪತ್ರಿಕೆಯಲ್ಲಿ ಬರೆಯಲು ಆಗಲ್ಲ. ನೀರು ಮೈಯ ಬಿಸಿಯನ್ನು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ವೇಗವಾಗಿ ಎಳೆದುಕೊಳ್ಳುತ್ತೆ. ವೆಟ್‌ಸೂಟ್ ಅನ್ನುವ ರಬ್ಬರಿನ ಉಡುಪು ಹಾಕಿದ್ದರೂ ಅರ್ಧ ಗಂಟೆಗೆ ಹಲ್ಲು ಕಟಕಟ.

ಮೊದಲ ದಿನ ಸಿಲಿಂಡರ್ ಮುಟ್ಟಲೇ ಬಿಡಲಿಲ್ಲ. 200 ಮೀಟರ್ ಈಜಿ ತೋರಿಸಿ ಅಂದರು, ಹೊತ್ತಿನ ಲೆಕ್ಕ ಇಲ್ಲ, ನಿಲ್ಲದೆ ಈಜಬೇಕು ಅಷ್ಟೇ. ಆಮೇಲೆ ಹತ್ತು ನಿಮಿಷ ಏನನ್ನೂ ಹಿಡಿಯದೆ ತೇಲಬೇಕು. ಆ ಹತ್ತು ನಿಮಿಷ ಆಕಾಶ ನೋಡುತ್ತಾ ಮಲಗಿದ್ದೆ, ಸಿಲ್ವರ್ ಓಕ್ ತುದಿಯಲ್ಲಿ ಒಂದು ಹದ್ದು ಸುತ್ತುತ್ತಿತ್ತು. ಪೂರ್ತಿ ಸರ್ಟಿಫಿಕೇಟಿನ ಕೋರ್ಸಿಗೆ ಇದು ಪ್ರಪಂಚದ ಹೆಚ್ಚಿನ ಕಡೆ ಕೇಳುವ ಪರೀಕ್ಷೆಯಂತೆ. ಪ್ರವಾಸಿಗರ ಒಂದು ದಿನದ ಡೈವ್‌ಗೆ ಮಾತ್ರ ಯಾರೂ ಕೇಳಲ್ಲ.

ಎರಡನೇ ದಿನ ಸಿಲಿಂಡರ್. ಬೆನ್ನಿಗೆ ಏರಿಸಿದಾಗ ನನಗೆ ಹೊಸದು ಅನ್ನಿಸಲಿಲ್ಲ, ತೋಟದಲ್ಲಿ ಔಷಧಿ ಹೊಡೆಯುವ 16 ಲೀಟರ್ ಪಂಪು ತುಂಬಿದಾಗ ಎಷ್ಟು ಭಾರವೋ ಎಲ್ಲಾ ಸೇರಿ ಹೆಚ್ಚುಕಡಿಮೆ ಅಷ್ಟೇ. ಸಂಪಾದಕರೇ, ಇಲ್ಲಿ ನಿಮಗೂ ಒಂದು ಮಾತು. ಡೈವಿಂಗ್ ಸುದ್ದಿ ಬಂದಾಗೆಲ್ಲ ನಿಮ್ಮ ಪತ್ರಿಕೆಯಲ್ಲೂ ‘ಆಕ್ಸಿಜನ್ ಸಿಲಿಂಡರ್’ ಅಂತಲೇ ಬರುತ್ತೆ. ಅದರಲ್ಲಿ ಇರುವುದು ನಾವು ನೀವು ಈಗ ಉಸಿರಾಡುತ್ತಿರುವ ಗಾಳಿಯೇ, ಸೋಸಿ ಒಣಗಿಸಿ 200 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಸುಮಾರು 200 ಪಟ್ಟು, ಒತ್ತಡಕ್ಕೆ ತುಂಬಿರುತ್ತಾರೆ. ಐದರಲ್ಲಿ ಒಂದು ಪಾಲು ಮಾತ್ರ ಆಮ್ಲಜನಕ, ಉಳಿದದ್ದು ಹೆಚ್ಚುಪಾಲು ಸಾರಜನಕ. ಬರೀ ಆಮ್ಲಜನಕ ಎಳೆದುಕೊಂಡು 6 ಮೀಟರ್‌ಗಿಂತ ಕೆಳಗೆ ಹೋದರೆ ಅದೇ ವಿಷ ಆಗುತ್ತೆ, ಫಿಟ್ಸ್ ಬರಬಹುದು. ದಯವಿಟ್ಟು ತಿದ್ದಿಕೊಳ್ಳಿ.

ನಾಲ್ಕು ಅಡಿ ನೀರಲ್ಲಿ ಮಂಡಿ ಊರಿ ಕೂತು, ಮೊದಲ ಉಸಿರು. ಬಾಯಲ್ಲಿ ಕಚ್ಚಿಕೊಂಡ ರೆಗ್ಯುಲೇಟರ್‌ನಿಂದ ಎಳೆದರೆ ಸುಯ್ ಅಂತ ಗಾಳಿ ಬರುತ್ತೆ, ಬಿಟ್ಟರೆ ಗುಳಗುಳ ಅಂತ ಗುಳ್ಳೆ ಕಿವಿ ಪಕ್ಕದಲ್ಲೇ ಮೇಲೆ ಹೋಗುತ್ತೆ. ಎಷ್ಟು ಎಳೆದೆವೋ ಅಷ್ಟು ಕೊಡುತ್ತೆ, ನಿಲ್ಲಿಸಿದರೆ ಅದೂ ನಿಲ್ಲುತ್ತೆ. ಫ್ರಾನ್ಸಿನಲ್ಲಿ 1943ರಲ್ಲಿ ಕೂಸ್ಟೋ ಅನ್ನುವ ನೌಕಾಪಡೆ ಅಧಿಕಾರಿಯೂ ಗಾನ್ಯಾಂ ಅನ್ನುವ ಎಂಜಿನಿಯರೂ ಸೇರಿ ಮಾಡಿದ್ದು ಇದರ ಮೊದಲ ರೂಪ. ಅದರ ಬೀಜ ಇದ್ದದ್ದು ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಗ್ಯಾಸಲ್ಲಿ ಕಾರು ಓಡಿಸಲು ಆ ಎಂಜಿನಿಯರ್ ಮಾಡಿದ್ದ ವಾಲ್ವಿನಲ್ಲಿ. ಮೇಷ್ಟ್ರು ಇದನ್ನು ಹೇಳಿದಾಗ ನಮ್ಮ ಮಾಜಿ ಸೈನಿಕರು, ಹಾಗಾದರೆ ನನ್ನ ಜೀಪಿಗೂ ಒಂದು ಹಾಕಿಕೊಡಿ ಅಂದರು.

ನನ್ನ ಕಷ್ಟ ಇದ್ದದ್ದು ಮಾಸ್ಕಿನಲ್ಲಿ. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಕೊಳ ಯಾಕೆ ಬೇಕು ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಅದೊಂದೇ.

ಪಾಠ ಸುಲಭ. ಮಾಸ್ಕಿನ ಒಳಗೆ ಬೇಕಂತಲೇ ಅರ್ಧ ನೀರು ಬಿಟ್ಟುಕೊಳ್ಳಬೇಕು. ಬಾಯಲ್ಲಿ ಉಸಿರು ಎಳೆಯಬೇಕು. ಮಾಸ್ಕಿನ ಮೇಲಂಚನ್ನು ಬೆರಳಲ್ಲಿ ಹಣೆಗೆ ಒತ್ತಿ ಹಿಡಿದು, ಮುಖ ಸ್ವಲ್ಪ ಮೇಲೆ ಮಾಡಿ, ಮೂಗಿನಿಂದ ನಿಧಾನಕ್ಕೆ ಉಸಿರು ಬಿಡಬೇಕು. ಒಳಗಿನ ನೀರನ್ನು ಗಾಳಿ ತಳ್ಳಿ ಕೆಳಗಿನಿಂದ ಹೊರಗೆ ಹಾಕುತ್ತೆ. ಅಷ್ಟೇ. ಹದಿನೇಳು ವರ್ಷದ ಹುಡುಗ ಒಬ್ಬನಿದ್ದ ನಮ್ಮ ಜೊತೆ, ಮೊದಲ ಸಲಕ್ಕೇ ಮಾಡಿ ಕೈಕಟ್ಟಿ ಕೂತ.

ನನ್ನ ಸರದಿ ಬಂತು. ನೀರು ಕಣ್ಣಿನ ಮಟ್ಟಕ್ಕೆ ಬಂದದ್ದು ಗೊತ್ತು. ಮುಂದಿನ ಕ್ಷಣ ನಾನು ಎದ್ದು ನಿಂತು ಕೆಮ್ಮುತ್ತಿದ್ದೆ. ನಾಲ್ಕು ಅಡಿ ನೀರು ತಾನೇ, ಎದ್ದರೆ ಎದೆಮಟ್ಟ ಅಷ್ಟೇ. ಮೇಷ್ಟ್ರು ಏನೂ ಅನ್ನಲಿಲ್ಲ. ಪಕ್ಕದಲ್ಲಿ ಎದ್ದು ನಿಂತು, ಕೆಮ್ಮು ಮುಗಿಯುವ ತನಕ ಕಾದು, ‘ಇನ್ನೊಂದು ಸಲ?’ ಅಂದರು. ಎರಡನೇ ಸಲವೂ ಅದೇ. ಮೂರನೇ ಸಲವೂ. ನಾಲ್ಕನೇ ಸಲ ಅಳು ಬಂತು, ಮಾಸ್ಕ್ ಒಳಗೆ ಅತ್ತರೆ ನೀರೋ ಕಣ್ಣೀರೋ ಯಾರಿಗೂ ಗೊತ್ತಾಗಲ್ಲ, ಅದೊಂದು ಅನುಕೂಲ. ಆ ದಿನ ಹನ್ನೊಂದು ಸಲ ಎದ್ದು ನಿಂತೆ. ಲೆಕ್ಕ ಇಟ್ಟದ್ದು ಆ ಹುಡುಗ.

ಮನೆಗೆ ಹೋಗುವಾಗ ಮೇಷ್ಟ್ರು ಒಂದು ಸ್ನಾರ್ಕೆಲ್, ಅಂದರೆ ಮುಖ ನೀರಲ್ಲಿದ್ದರೂ ಬಾಯಿಂದ ಮೇಲಿನ ಗಾಳಿ ಎಳೆಯುವ ಕೊಳವೆ, ಕೊಟ್ಟು ಕಳಿಸಿದರು. ಬಚ್ಚಲಲ್ಲಿ ದೊಡ್ಡ ಬೇಸಿನ್‌ಗೆ ನೀರು ತುಂಬಿ, ಮಾಸ್ಕ್ ಇಲ್ಲದೆ ಮುಖ ಮುಳುಗಿಸಿ, ಬಾಯಲ್ಲಿ ಮಾತ್ರ ಉಸಿರಾಡಿ ಅಂದರು. ಒಂದು ವಾರ ದಿನಾ ಸಂಜೆ ಹತ್ತು ನಿಮಿಷ. ಕೆಲಸದವಳು ಬಾಗಿಲಲ್ಲಿ ನಿಂತು, ಅಮ್ಮನಿಗೆ ಏನಾದರೂ ಹರಕೆಯಾ ಅಂತ ಯಜಮಾನರನ್ನು ಕೇಳಿದ್ದಳಂತೆ. ಮೊದಲ ಎರಡು ದಿನ ಮೂಗು ತಾನಾಗಿಯೇ ಎಳೆಯುತ್ತಿತ್ತು. ಮೂರನೇ ದಿನ ಎಲ್ಲೋ ಗಂಟಲ ಹಿಂದೆ ಒಂದು ಬಾಗಿಲು ಮುಚ್ಚಿದ ಹಾಗಾಯಿತು. ಅದು ಹೇಗೆ ಅಂತ ಹೇಳಲು ಬರಲ್ಲ, ಸೈಕಲ್ ಬ್ಯಾಲೆನ್ಸ್ ಬಂದ ಹಾಗೆ. ಮುಂದಿನ ಶನಿವಾರ ಕೊಳದಲ್ಲಿ ಮಾಸ್ಕ್ ಪೂರ್ತಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಒಂದು ನಿಮಿಷ ಉಸಿರಾಡಿದೆ, ಹಾಕಿಕೊಂಡೆ, ನೀರು ಊದಿ ಖಾಲಿ ಮಾಡಿದೆ. ಕಣ್ಣು ಬಿಟ್ಟರೆ ಎದುರಿಗೆ ಮೇಷ್ಟ್ರು ನೀರೊಳಗೇ ಚಪ್ಪಾಳೆ ತಟ್ಟುತ್ತಿದ್ದರು, ಸದ್ದಿಲ್ಲದ ಚಪ್ಪಾಳೆ.

ಖುಷಿಗೆ ನಾನು ಹೆಬ್ಬೆರಳು ಎತ್ತಿ ತೋರಿಸಿದೆ, ಸೂಪರ್ ಅಂತ. ಅವರು ಕೂಡಲೇ ನನ್ನ ತೋಳು ಹಿಡಿದು ಮೇಲಕ್ಕೆ ಕರೆದುಕೊಂಡು ಹೋದರು. ನೀರೊಳಗೆ ಹೆಬ್ಬೆರಳು ಎತ್ತಿದರೆ ಮೇಲೆ ಹೋಗೋಣ ಅಂತ ಅರ್ಥ. ಎಲ್ಲಾ ಸರಿ ಇದೆ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಮೊದಲ ದಿನವೇ ಹೇಳಿಕೊಟ್ಟಿದ್ದರು. 48 ವರ್ಷದ ಅಭ್ಯಾಸ ಸುಮ್ನೆ ಹೋಗಲ್ಲ ಅಲ್ವಾ. ಈ ತಪ್ಪನ್ನು ಕೊಳದಲ್ಲಿ ಮಾಡಿದರೆ ನಗು. ಸಮುದ್ರದಲ್ಲಿ ಮಾಡಿದರೆ ಪೂರ್ತಿ ಗುಂಪಿನ ಡೈವ್ ಹಾಳು.

ಉಳಿದ ಪಾಠಗಳನ್ನು ಬೇಗ ಹೇಳಿಬಿಡುತ್ತೇನೆ. ಬಾಯಿಂದ ರೆಗ್ಯುಲೇಟರ್ ಜಾರಿದರೆ ಸಣ್ಣಗೆ ಗುಳ್ಳೆ ಬಿಡುತ್ತಾ ಬಲಗೈ ಬೀಸಿ ಅದನ್ನು ಹುಡುಕುವುದು. ಗಾಳಿ ಮುಗಿದರೆ ಕತ್ತಿನ ಮುಂದೆ ಕೈ ಅಡ್ಡ ಆಡಿಸಿ ಜೊತೆಗಾರನ ಹಳದಿ ಬಣ್ಣದ ಎರಡನೇ ರೆಗ್ಯುಲೇಟರ್ ತೆಗೆದುಕೊಳ್ಳುವುದು. ಮೇಷ್ಟ್ರು ನಿಜವಾಗಿಯೂ ನನ್ನ ಸಿಲಿಂಡರ್ ತಿರುಗಿಸಿ ಮುಚ್ಚಿ ತೋರಿಸಿದರು, ಕೊನೆಯ ಉಸಿರು ಹೇಗೆ ಗಟ್ಟಿಯಾಗುತ್ತೆ ಅಂತ, ಗೋಡೆಯಿಂದ ಗಾಳಿ ಹೀರಿದ ಹಾಗೆ. ಆಮೇಲೆ ತೇಲುವ ಪಾಠ. ಮುಳುಗಲೂ ಬಾರದು, ಏಳಲೂ ಬಾರದು, ನಡುನೀರಲ್ಲಿ ನಿಲ್ಲಬೇಕು. ಎದೆ ತುಂಬ ಉಸಿರು ಎಳೆದರೆ ಮೈ ಒಂದು ಗೇಣು ಮೇಲೆ ಬರುತ್ತೆ, ಬಿಟ್ಟರೆ ಇಳಿಯುತ್ತೆ. ಇದು ಬಂದ ದಿನ ಮನೆಗೆ ಬಂದು ಯಾರ ಜೊತೆಗೂ ಮಾತಾಡಲಿಲ್ಲ. ಮಾತಾಡಿದರೆ ಅದು ಹೋಗಿಬಿಡುತ್ತೆ ಅನ್ನಿಸಿತು.

ಕಿವಿ ವಿಷಯದಲ್ಲಿ ಮಾತ್ರ ನಾವು ಕೊಡಗಿನವರು ಸ್ವಲ್ಪ ಮುಂದೆ ಇದ್ದೇವೆ. ಸಂಪಾಜೆ ಘಾಟಿ ಇಳಿಯುವಾಗ ಕಿವಿ ಗುಯ್ ಅಂತ ಮುಚ್ಚಿಕೊಳ್ಳುತ್ತೆ, ಉಗುಳು ನುಂಗಿದರೆ ಟಕ್ ಅಂತ ತೆರೆಯುತ್ತೆ, ಸಣ್ಣ ಮಕ್ಕಳಿಗೆ ಪೆಪ್ಪರಮೆಂಟ್ ಕೊಡುತ್ತೇವೆ. ನೀರೊಳಗೂ ಅದೇ ಸಮಾಚಾರ, ಮೂಗು ಹಿಡಿದು ಮೆಲ್ಲಗೆ ಊದಬೇಕು. ಆದರೆ ಲೆಕ್ಕ ಕೇಳಿ ದಂಗಾದೆ. ಸಾವಿರ ಮೀಟರ್‌ಗೂ ಮೇಲಿರುವ ಮಡಿಕೇರಿಯಿಂದ ಮಂಗಳೂರಿಗೆ ಇಳಿದರೆ ಕಿವಿ ಮೇಲೆ ಎಷ್ಟು ಒತ್ತಡ ಹೆಚ್ಚಾಗುತ್ತೋ, ನೀರಲ್ಲಿ ಹೆಚ್ಚುಕಡಿಮೆ ಒಂದೂಕಾಲು ಮೀಟರ್ ಇಳಿದರೆ ಅಷ್ಟು ಆಗುತ್ತೆ. ಅಲ್ಲಿ ಮೂರು ಗಂಟೆಯ ದಾರಿ, ಇಲ್ಲಿ ಎರಡು ಸೆಕೆಂಡ್. ಹಾಗಾಗಿ ನೋವು ಬರುವ ಮೊದಲೇ ಊದಬೇಕು, ಬಂದ ಮೇಲೆ ಅಲ್ಲ. ಜೋರಾಗಿ ಊದಿದರೆ ಕಿವಿಯೇ ಹಾಳು. ನೆಗಡಿ ಇದ್ದರೆ ನೀರಿಗೆ ಇಳಿಯಲೇ ಬಾರದು, ಅಂದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡಗಿನವರು ಯಾರೂ ಡೈವಿಂಗ್ ಯೋಚನೆ ಮಾಡಬೇಡಿ.

ಇಷ್ಟೆಲ್ಲ ಕಲಿತು ನವೆಂಬರ್‌ನಲ್ಲಿ ನೇತ್ರಾಣಿ ದ್ವೀಪಕ್ಕೆ ಹೋದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ. ಎರಡು ದಿನ, ನಾಲ್ಕು ಡೈವ್. ಮೂರನೇ ಡೈವ್‌ನಲ್ಲಿ, ಒಂಬತ್ತು ಮೀಟರ್ ಆಳದಲ್ಲಿ, ಬಂಡೆ ಸಂದಿಯಲ್ಲಿ ಹಳದಿ ಮೀನಿನ ಒಂದು ಜೋಡಿ ನೋಡುತ್ತಾ ಇದ್ದಾಗ ಮುಂದೆ ಹೋಗುತ್ತಿದ್ದವರ ಕಾಲಿನ ರೆಕ್ಕೆ ನನ್ನ ಮಾಸ್ಕಿಗೆ ತಾಗಿ ಒಳಗೆ ನೀರು ತುಂಬಿತು. ಮಾಸ್ಕ್ ಒತ್ತಿ ಹಿಡಿದೆ, ಮೂಗಿಂದ ಊದಿದೆ, ನೀರು ಹೋಯಿತು. ಮೀನು ಇನ್ನೂ ಅಲ್ಲೇ ಇದ್ದವು. ಏನಾಯಿತು ಅಂತ ನನಗೆ ಹೊಳೆದದ್ದು ದೋಣಿಗೆ ಬಂದು ಬಿಸ್ಕೆಟ್ ತಿನ್ನುವಾಗ. ಹನ್ನೊಂದು ಸಲ ಎದ್ದು ನಿಂತು ಕೆಮ್ಮಲು ನಾಲ್ಕು ಅಡಿ ನೀರು ಇದ್ದದ್ದಕ್ಕೆ ಒಂಬತ್ತು ಮೀಟರ್‌ನಲ್ಲಿ ನಾನು ಏಳಲಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟೇ. ಮಳೆಗಾಲ ಮುಗಿದ ಕೂಡಲೇ ನಮ್ಮ ಜಿಲ್ಲೆಯ ಕಾಲೇಜು ಮಕ್ಕಳು, ಯುವಕ ಸಂಘದವರು, ಹೊಸದಾಗಿ ಮದುವೆಯಾದವರು ಗಾಡಿ ಮಾಡಿಕೊಂಡು ಕರಾವಳಿಗೆ ಹೋಗುತ್ತಾರೆ, ಒಂದು ಡೈವ್, ಒಂದು ವಿಡಿಯೋ, ವಾಪಸ್. ಹೋಗಲಿ, ಬೇಡ ಅನ್ನಲ್ಲ. ಆದರೆ ಹೋಗುವ ಮೊದಲು ಅರ್ಧ ದಿನ ಕೊಳದಲ್ಲಿ ಕೂರಿಸಿ. ಕರಾವಳಿಯವರೂ, ಎಲ್ಲರೂ ಅಲ್ಲದಿದ್ದರೂ, ಕೊಳದಲ್ಲಿ ಹೇಳಿಕೊಟ್ಟೇ ದೋಣಿ ಹತ್ತಿಸುವವರು ಇದ್ದಾರೆ. ಅಂಥವರನ್ನು ಹುಡುಕಿ. ನೂರಾರು ರೂಪಾಯಿ ಉಳಿಸಲು ಹೋಗಿ ಆ ಅರ್ಧ ದಿನ ಬಿಡಬೇಡಿ. ನಮ್ಮಲ್ಲಿ ಹೋಂಸ್ಟೇಗೂ ರೆಸಾರ್ಟಿಗೂ ಬರವಿಲ್ಲ, ಎಷ್ಟೋ ಕಡೆ ಕೊಳ ಇದೆ, ವಾರದ ದಿನ ಅದರಲ್ಲಿ ಎಲೆ ಬಿದ್ದು ತೇಲುತ್ತಿರುತ್ತೆ. ಮಂಗಳವಾರವೋ ಬುಧವಾರವೋ ಎರಡು ಗಂಟೆ ಊರಿನ ಮಕ್ಕಳಿಗೆ ಬಿಟ್ಟುಕೊಟ್ಟರೆ ಅವರಿಗೆ ಹೋಗುವುದೇನು? ಸ್ಕೂಬಾ ಬೇಡ, ಮುಖ ನೀರಲ್ಲಿಟ್ಟು ಉಸಿರು ಬಿಡುವುದನ್ನಾದರೂ ಹೇಳಿಕೊಡಿ. ಹೆಣ್ಣುಮಕ್ಕಳಿಗೆ ಮೊದಲು.

ತಪ್ಪು ತಿಳಿಯಬೇಡಿ, ಸ್ಕೂಬಾ ಕಲಿತವರು ಹೊಳೆಯಲ್ಲಿ ಬಿದ್ದವರನ್ನು ಎತ್ತುತ್ತಾರೆ ಅಂತ ನಾನು ಹೇಳುತ್ತಿಲ್ಲ. ಜುಲೈನ ಹಾರಂಗಿಗೋ ಬರಪೊಳೆಗೋ ನನ್ನ ಸರ್ಟಿಫಿಕೇಟ್ ಲೆಕ್ಕಕ್ಕೇ ಇಲ್ಲ. 2018ರ ಆಗಸ್ಟ್ ನೋಡಿದ ನಮಗೆ ನೀರಿನ ಬಲ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಪ್ರತಿ ಬೇಸಿಗೆ ಯಾವುದೋ ಹೊಳೆಯ ಗುಂಡಿಯಲ್ಲಿ ಮಕ್ಕಳು ಹೋದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಓದುತ್ತೇವೆ, ಮುಳುಗು ತಜ್ಞರು ಹೊರ ಜಿಲ್ಲೆಯಿಂದ ಬರುವ ತನಕ ಊರಿಗೆ ಊರೇ ದಡದಲ್ಲಿ ನಿಂತಿರುತ್ತೆ. ಹೆದರಿದಾಗ ಮೈ ಏನು ಮಾಡುತ್ತೆ ಅಂತ ಒಂದು ಸಲ ನೋಡಿಕೊಂಡವರು ಗುಂಡಿಗೆ ಹಾರುವ ಮೊದಲು ಒಂದು ಕ್ಷಣ ನಿಲ್ಲುತ್ತಾರೆ. ಅಷ್ಟಾದರೂ ಸಾಕು ಅಲ್ವಾ.

ಇನ್ನೊಂದು ವಿಷಯ, ಇದನ್ನು ನಮ್ಮ ಜಿಲ್ಲೆಯವರು ಕತ್ತರಿಸಿ ಇಟ್ಟುಕೊಳ್ಳಬೇಕು. ಡೈವಿಂಗ್ ಕರಾವಳಿಯವರಿಗೆ ಬೇರೆ, ನಮಗೆ ಬೇರೆ. ಆಳದಲ್ಲಿ ಉಸಿರಾಡಿದಷ್ಟು ಹೊತ್ತು ಸಾರಜನಕ ಮೈಯೊಳಗೆ ಕರಗುತ್ತಾ ಹೋಗುತ್ತೆ. ಮೇಲೆ ಬಂದ ಮೇಲೆ ಅದು ನಿಧಾನಕ್ಕೆ ಹೊರಗೆ ಹೋಗಬೇಕು, ಅದಕ್ಕೇ ನಿಮಿಷಕ್ಕೆ 9 ಮೀಟರ್‌ಗಿಂತ ಬೇಗ ಮೇಲೇರಬೇಡಿ, 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಿ ಅನ್ನುವುದು. ಒತ್ತಡ ದಿಢೀರ್ ಕಡಿಮೆಯಾದರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಒಳಗೇ ಗುಳ್ಳೆ ಏಳುತ್ತೆ. ಕೀಲು ನೋವು, ಕೈಕಾಲು ಜೋಮು, ಸುಸ್ತು, ಜಾಸ್ತಿಯಾದರೆ ಲಕ್ವ ಹೊಡೆದ ಹಾಗೆ. ಆದ್ದರಿಂದಲೇ ಡೈವ್ ಆದ ಮೇಲೆ ವಿಮಾನ ಹತ್ತಬಾರದು ಅನ್ನುವ ನಿಯಮ ಇದೆ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ನಮ್ಮವರು ಏನನ್ನುತ್ತಾರೆ? ನಾವೇನು ವಿಮಾನದಲ್ಲಿ ಬಂದೆವಾ, ಟೆಂಪೋ ಟ್ರಾವೆಲರ್ ಅಂತ. ಸ್ವಾಮಿ, ಆ ನಿಯಮದ ಲೆಕ್ಕ ಶುರುವಾಗುವುದೇ ಸುಮಾರು 600 ಮೀಟರ್ ಎತ್ತರದ ಗಾಳಿ ಒತ್ತಡದಿಂದ. ಮಡಿಕೇರಿ ಅದಕ್ಕಿಂತ ಎಷ್ಟೋ ಮೇಲೆ. ಮಧ್ಯಾಹ್ನ ಒಂದಕ್ಕೆ ನೀರಿಂದ ಎದ್ದು, ಮೀನೂಟ ಮಾಡಿ, ರಾತ್ರಿ ಹತ್ತಕ್ಕೆ ಮಡಿಕೇರಿ ತಲುಪಿದರೆ ಒಂಬತ್ತು ಗಂಟೆ ಆಯಿತು. ಹನ್ನೆರಡೂ ಆಗಲಿಲ್ಲ. ನಮ್ಮ ಕೊಳದ ಹತ್ತು ಅಡಿಗೆ ಈ ಚಿಂತೆ ಇಲ್ಲ, ಸಮುದ್ರಕ್ಕೆ ಇದೆ. ಮಾರನೇ ದಿನ ಮಂಡಿ ನೋವು ಬಂದರೆ ಗಾಡಿಯಲ್ಲಿ ಕೂತು ಕೂತು ಬಂತು ಅಂತ ಎಣ್ಣೆ ಹಚ್ಚಿಕೊಂಡು ಮಲಗುತ್ತೇವೆ. ಅದಕ್ಕೆ ಮದ್ದು ಆಮ್ಲಜನಕ ಮತ್ತು ಒತ್ತಡದ ಕೋಣೆ, ಅದು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವ ವಸ್ತು ಅಲ್ಲ.

ಇದನ್ನು ಆ ಮೊದಲ ದೋಣಿಯಲ್ಲಿ ಯಾರೂ ಹೇಳಲಿಲ್ಲ, ಎಲ್ಲಿಂದ ಬಂದಿದ್ದೀರಿ ಅಂತಲೂ ಕೇಳಲಿಲ್ಲ. ನಾವು ಅವತ್ತು ರಾತ್ರಿಯೇ ಘಾಟಿ ಹತ್ತಿದ್ದೆವು. ಈ ಸಲ ನಾನು ಕೊನೆಯ ಡೈವ್ ಬೆಳಗ್ಗೆ 11ಕ್ಕೆ ಮುಗಿಸಿ, ಅವತ್ತು ಮುರುಡೇಶ್ವರದಲ್ಲೇ ಉಳಿದು, ಮಾರನೇ ದಿನ ತಿಂಡಿ ತಿಂದು ಎಂಟಕ್ಕೆ ಹೊರಟೆ. ಡ್ರೈವರ್ ಗೊಣಗಿದ. ಒಂದು ರಾತ್ರಿಯ ರೂಮಿನ ಬಾಡಿಗೆ ಅಷ್ಟೇ.

ಕೊನೆಗೆ, ಆ ಪತ್ರ ಬರೆದವರಿಗೆ. ನಿಮ್ಮ ಗೇಲಿಗೆ ನನಗೆ ಬೇಸರ ಇಲ್ಲ. ಫೆಬ್ರವರಿಯಲ್ಲಿ ಮೇಷ್ಟ್ರು ಮತ್ತೆ ಗಾಡಿ ತೆಗೆದುಕೊಂಡು ಬರುತ್ತಾರೆ, ಈ ಸಲ ನಮ್ಮೂರಿನ ಮೂವರು ಹೆಂಗಸರು ಹೆಸರು ಕೊಟ್ಟಿದ್ದಾರೆ, ಒಬ್ಬರಿಗೆ 55. ಒಂದು ಜಾಗ ಖಾಲಿ ಇದೆ. ದಪ್ಪ ಟವೆಲ್ ತನ್ನಿ, ಫ್ಲಾಸ್ಕಲ್ಲಿ ಕಾಫಿ ನಾನು ತರುತ್ತೇನೆ.

ಇಂತಿ,
ಕಾಫಿ ಬೆಳೆಗಾರ್ತಿ, ಸೋಮವಾರಪೇಟೆ ತಾಲ್ಲೂಕು, ಕೊಡಗು